ಮಗುವಾಗದಿದ್ದರೆ ಪ್ರಶ್ನೆ ಯಾರಿಗೆ?

ಘಾನಾದ ಅಮಾ ಅಟಾ ಐಡೂ ಬರೆದ ‘ಅನೋವಾ’ ನಾಟಕದ ಕೊನೆಯ ಭಾಗದಲ್ಲಿ ರಂಗದ ಮೇಲೆ ಒಂದು ಕುರ್ಚಿ ಇದೆ. ಚಿನ್ನದ ಲೇಪ ಕೊಟ್ಟ ದೊಡ್ಡ ಕುರ್ಚಿ. ಅದರಲ್ಲಿ ಯಾರೂ ಕೂತಿಲ್ಲ. ಆದರೂ ಇಬ್ಬರು ಪುಟ್ಟ ಅವಳಿ ಹುಡುಗರು ಅದಕ್ಕೆ ಗಾಳಿ ಬೀಸುತ್ತಾ ನಿಂತಿದ್ದಾರೆ. ಯಜಮಾನ ಕೋಫಿ ಆಕೊ ಬಂದು ಕೂರುವ ಮೊದಲು ಗಾಳಿ ಬೀಸುವುದೇ ಅವರ ಕೆಲಸ. ಅವರು ಆ ಮನೆಯ ಮಕ್ಕಳಲ್ಲ, ದುಡ್ಡು ಕೊಟ್ಟು ಕೊಂಡು ತಂದ ಮಕ್ಕಳು. ಗೋಡೆಯ ಮೇಲೆ ವಿಕ್ಟೋರಿಯಾ ರಾಣಿಯ ಚಿತ್ರವಿದೆ, ಕೋಫಿ ಆಕೊನದ್ದೂ ಇದೆ. ಇಷ್ಟೆಲ್ಲ ಸಿರಿತನದ ನಡುವೆ ಮನೆಯ ಒಡತಿ ಅನೋವಾ ಬರಿಗಾಲಲ್ಲಿ, ಹಳೇ ಬಟ್ಟೆಯಲ್ಲಿ ಓಡಾಡುತ್ತಾಳೆ. ಅವಳಿಗೆ ಮಕ್ಕಳಾಗಿಲ್ಲ.

ಹೆಣ್ಣು, ಗಂಡು, ಸಮಾಜ ಅಂತ ಆಫ್ರಿಕಾದ ಸಾಹಿತ್ಯದ ಬಗ್ಗೆ ಮಾತಾಡುವಾಗ ಬಹುಪತ್ನಿತ್ವ, ವಧುದಕ್ಷಿಣೆ, ವಸಾಹತುಶಾಹಿ ಎಲ್ಲವೂ ಚರ್ಚೆಗೆ ಬರುತ್ತವೆ. ಬರಬೇಕಾದದ್ದೇ. ಆದರೆ ಪಶ್ಚಿಮ ಆಫ್ರಿಕಾದ ನಾಟಕ, ಕಾದಂಬರಿಗಳನ್ನು ಒಂದರ ಹಿಂದೆ ಒಂದು ಓದುತ್ತಾ ಹೋದ ನನ್ನನ್ನು ಹಿಡಿದು ನಿಲ್ಲಿಸಿದ್ದು ಇವೆಲ್ಲದರ ಅಡಿಯಲ್ಲಿರುವ ಒಂದು ಸಣ್ಣ, ಮನೆಯೊಳಗಿನ ಪ್ರಶ್ನೆ. ಮಗುವಾಗದ ಮನೆಯಲ್ಲಿ ಯಾರನ್ನು ಕೇಳುತ್ತಾರೆ? ಯಾರನ್ನು ಕೇಳುವುದೇ ಇಲ್ಲ? ಅಲ್ಲಿನ ಲೇಖಕಿಯರು ಅರವತ್ತು ವರ್ಷಗಳಿಂದ ಈ ಪ್ರಶ್ನೆಯನ್ನು ಹೆಂಡತಿಯ ಕಡೆಯಿಂದ ತೆಗೆದು ಗಂಡನ ಮುಂದೆ ಇಡುತ್ತಾ ಬಂದಿದ್ದಾರೆ. ನನ್ನ ಮಟ್ಟಿಗೆ ಇದು ಅವರು ಮಾಡಿದ ಅತ್ಯಂತ ಧೈರ್ಯದ ಕೆಲಸ.

ಐಡೂ ಇದನ್ನು ಶುರು ಮಾಡಿದ್ದು ಇನ್ನೂ ವಿದ್ಯಾರ್ಥಿನಿ ಆಗಿದ್ದಾಗಲೇ. ‘ದಿ ಡೈಲೆಮಾ ಆಫ್ ಎ ಘೋಸ್ಟ್’ 1964ರಲ್ಲಿ ಲೆಗಾನ್‌ನ ಘಾನಾ ವಿಶ್ವವಿದ್ಯಾಲಯದಲ್ಲಿ ಪ್ರದರ್ಶನಗೊಂಡಿತು, ಮರುವರ್ಷ ಪುಸ್ತಕವಾಯಿತು. ಅಮೆರಿಕದಲ್ಲಿ ಓದಿದ ಆಟೊ ಅಲ್ಲಿನ ಕಪ್ಪು ಹುಡುಗಿ ಯೂಲೇಲಿಯನ್ನು ಮದುವೆಯಾಗಿ ಊರಿಗೆ ಕರೆತರುತ್ತಾನೆ. ಮಕ್ಕಳು ಸ್ವಲ್ಪ ತಡವಾಗಿ ಆಗಲಿ ಅಂತ ಗಂಡ ಹೆಂಡತಿ ಮಾತಾಡಿಕೊಂಡಿದ್ದಾರೆ. ಊರಿನವರಿಗೆ ಅದು ಗೊತ್ತಿಲ್ಲ. ಸೊಸೆಗೆ ಏನೋ ದೋಷ ಇರಬೇಕು ಅಂತ ಬಂಧುಗಳು ಮದ್ದಿನ ನೀರು ತರುತ್ತಾರೆ, ಅವಳ ಹೊಟ್ಟೆ ತೊಳೆಯಬೇಕಂತೆ. ಆಟೊ ಅಲ್ಲೇ ನಿಂತಿದ್ದಾನೆ. ಒಂದು ಮಾತು ಹೇಳಿದರೆ ಸಾಕು, ಎಲ್ಲ ಮುಗಿಯುತ್ತದೆ. ಅವನು ಹೇಳುವುದಿಲ್ಲ. ಹೆಂಡತಿ ಬಂಜೆ ಅನ್ನಿಸಿಕೊಂಡರೂ ಪರವಾಗಿಲ್ಲ, ತಾನು ಮಾತ್ರ ಹಿರಿಯರ ಎದುರು ಕೆಟ್ಟವನಾಗಬಾರದು ಅವನಿಗೆ.

ಕೊನೆಗೆ ನಿಜ ತಿಳಿದಾಗ ಅವನ ತಾಯಿ ಎಸಿ ಕೋಮ್ ಏನು ಮಾಡುತ್ತಾಳೆ ನೋಡಿ. ಮಗನನ್ನು ಬಯ್ಯುತ್ತಾಳೆ. ಜಗಳವಾಡಿ ಮನೆ ಬಿಟ್ಟು ಹೋಗಿದ್ದ ಸೊಸೆ ಸೋತು ಸುಣ್ಣವಾಗಿ ವಾಪಸ್ ಬಂದಾಗ, ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುತ್ತಾಳೆ. ಆಟೊ ಅಂಗಳದಲ್ಲಿ ಒಬ್ಬನೇ ಉಳಿಯುತ್ತಾನೆ. ಅತ್ತೆ ಸೊಸೆಯರ ನಡುವೆ ಸಮುದ್ರದಷ್ಟು ಅಂತರವಿತ್ತು. ಭಾಷೆ ಬೇರೆ, ಊಟ ಬೇರೆ, ಮರ್ಯಾದೆಯ ಲೆಕ್ಕಾಚಾರವೂ ಬೇರೆ. ಆದರೆ ಒಬ್ಬ ಗಂಡಸಿನ ಸುಮ್ಮನಿರುವಿಕೆಯಿಂದ ಇಬ್ಬರೂ ಹೊಡೆತ ತಿಂದಿದ್ದಾರೆ ಅನ್ನುವುದು ಅರ್ಥವಾದ ಕ್ಷಣ ಆ ಮುದುಕಿಗೆ ಯಾವ ಕಡೆ ನಿಲ್ಲಬೇಕು ಅನ್ನುವ ಗೊಂದಲವೇ ಉಳಿಯುವುದಿಲ್ಲ. ಇಪ್ಪತ್ತರ ಹರೆಯದ ಹುಡುಗಿ ಬರೆದ ಮೊದಲ ನಾಟಕ ಇದು ಅಂದರೆ ನಂಬುವುದು ಕಷ್ಟ.

ಆದರೆ ಅಲ್ಲಿ ಗಂಡನ ದೇಹದಲ್ಲಿ ಏನೂ ಕೊರತೆಯಿಲ್ಲ, ಕೊರತೆ ಇರುವುದು ನಾಲಿಗೆಯಲ್ಲಿ. ದೇಹದ ಮಾತನ್ನು ಅದಕ್ಕೂ ಮೊದಲೇ ರಂಗಕ್ಕೆ ತಂದವರು ನೈಜೀರಿಯಾದ ಜೆ.ಪಿ. ಕ್ಲಾರ್ಕ್. ಅವರ ‘ಸಾಂಗ್ ಆಫ್ ಎ ಗೋಟ್’ 1961ರಲ್ಲಿ ಇಬಾದಾನ್‌ನಲ್ಲಿ ಪ್ರಕಟವಾಯಿತು. ನೈಜರ್ ನದಿಯ ಮುಖಜ ಭೂಮಿ, ಇಜೋ ಜನರ ಊರು. ಝೀಫಾನಿಗೆ ಒಬ್ಬ ಮಗ ಹುಟ್ಟಿದ ಮೇಲೆ ಗಂಡಸುತನ ಹೋಗಿಬಿಟ್ಟಿದೆ. ಹೆಂಡತಿ ಎಬಿಯೆರೆ ನಾಟಿ ವೈದ್ಯನ ಬಳಿ ಹೋಗುತ್ತಾಳೆ. ಅವನು ಅವಳನ್ನು ಮುಟ್ಟಿ ನೋಡಿ, ನಿನ್ನಲ್ಲಿ ಏನೂ ತೊಂದರೆಯಿಲ್ಲ ಅನ್ನುತ್ತಾನೆ. ಆಮೇಲೆ ಹಳೇ ದಾರಿಯೊಂದನ್ನು ಸೂಚಿಸುತ್ತಾನೆ: ಗಂಡನ ತಮ್ಮನ ಜೊತೆ ಸೇರಿ ವಂಶ ಮುಂದುವರಿಸುವುದು. ಹಿರಿಯರೆಲ್ಲ ಕೂತು, ಬೇಕಾದ ವಿಧಿ ಮಾಡಿ ಒಪ್ಪಿದರೆ ಅದು ಅಲ್ಲಿ ಪಾಪವಲ್ಲ. ಝೀಫಾ ಒಪ್ಪುವುದಿಲ್ಲ. ಒಪ್ಪಿದರೆ ನಾಲ್ಕು ಜನರಿಗೆ ಗೊತ್ತಾಗುತ್ತದಲ್ಲ! ಕೊನೆಗೆ ಅದೇ ಸಂಬಂಧ ಕದ್ದುಮುಚ್ಚಿ ನಡೆಯುತ್ತದೆ. ತಮ್ಮ ನೇಣು ಹಾಕಿಕೊಳ್ಳುತ್ತಾನೆ, ಅಣ್ಣ ಸಮುದ್ರಕ್ಕೆ ನಡೆದುಹೋಗುತ್ತಾನೆ.

ದೊಡ್ಡ ನಾಟಕ. ಕ್ಲಾರ್ಕ್ ಅವರ ಪದ್ಯದ ಬಿಗಿ ಓದಿಯೇ ನೋಡಬೇಕು. ಆದರೂ ಮುಗಿಸಿದ ಮೇಲೆ ನನಗೆ ಎಬಿಯೆರೆಯ ಬಗ್ಗೆಯೇ ಚಿಂತೆ. ದುರಂತವೆಲ್ಲ ಅಣ್ಣ ತಮ್ಮಂದಿರ ಪಾಲಾಗುತ್ತದೆ. ಅವಳು ಕೊನೆಕೊನೆಗೆ ನಮ್ಮ ಕಣ್ಣಿಂದಲೇ ಮರೆಯಾಗುತ್ತಾಳೆ. ಅವಳ ದೇಹ ವಂಶ ಬೆಳೆಯುವ ಜಾಗ, ಅಷ್ಟೇ. ಅವಳಿಗೆ ಏನು ಬೇಕಿತ್ತು ಅನ್ನುವುದನ್ನು ಕೇಳುವಷ್ಟು ಹೊತ್ತು ನಾಟಕ ನಿಲ್ಲುವುದಿಲ್ಲ.

‘ಅನೋವಾ’ (1970) ನಿಲ್ಲುತ್ತದೆ. ಅದಕ್ಕೇ ನನಗೆ ಈ ನಾಟಕದ ಮೇಲೆ ಅಷ್ಟು ಪ್ರೀತಿ.

ಕತೆ 1870ರ ದಶಕದ ಗೋಲ್ಡ್ ಕೋಸ್ಟ್‌ನದು, ಅಂದರೆ ಈಗಿನ ಘಾನಾ. ಬಂದ ಗಂಡುಗಳನ್ನೆಲ್ಲ ಬೇಡ ಅಂದ ಅನೋವಾ, ತಾಯಿ ಬದುವಾ ಎಷ್ಟು ಬೇಡವೆಂದರೂ ಕೇಳದೆ ತಾನೇ ಮೆಚ್ಚಿದ ಕೋಫಿ ಆಕೊನನ್ನು ಮದುವೆಯಾಗುತ್ತಾಳೆ. ಇನ್ನು ಈ ಊರಿಗೆ ಕಾಲಿಡುವುದಿಲ್ಲ ಅಂತ ಹೇಳಿ ಹೊರಟುಬಿಡುತ್ತಾಳೆ. ಗಂಡ ಹೆಂಡತಿ ಇಬ್ಬರೂ ಮಳೆಯಲ್ಲಿ ನೆನೆಯುತ್ತಾ, ಚರ್ಮದ ಹೊರೆ ಹೊತ್ತು ಕರಾವಳಿಗೆ ಹೋಗಿ ಮಾರುತ್ತಾರೆ. ಅವಳಿಗೆ ದುಡಿಮೆ ಇಷ್ಟ. ರಟ್ಟೆಯಲ್ಲಿ ಕಸುವಿದೆ, ಎದುರಿಗೆ ದಾರಿಯಿದೆ, ಜೊತೆಗೆ ಗಂಡನಿದ್ದಾನೆ. ಇನ್ನೇನು ಬೇಕು ಅನ್ನುವ ಹೆಣ್ಣು ಅವಳು. ಕೋಫಿ ಆಕೊನಿಗೆ ಅಷ್ಟು ಸಾಲದು. ಹೊರೆ ಹೊರಲು ಆಳುಗಳನ್ನು ಕೊಳ್ಳೋಣ ಅನ್ನುತ್ತಾನೆ. ಮನುಷ್ಯರನ್ನು ಕೊಳ್ಳುವುದು ಬೇಡ ಅಂತ ಅವಳು ಖಂಡಿತವಾಗಿ ಹೇಳುತ್ತಾಳೆ. ಅವನು ಕೇಳುವುದಿಲ್ಲ.

ಇಲ್ಲಿಂದ ಎರಡು ಎಳೆಗಳು ಒಂದಾಗುತ್ತವೆ. ಆಳುಗಳು ಹೆಚ್ಚಿದಂತೆ ಅವನ ಸಂಪತ್ತು ಬೆಳೆಯುತ್ತದೆ, ಅವಳಿಗೆ ಮಾಡಲು ಕೆಲಸವಿಲ್ಲದಂತಾಗುತ್ತದೆ. ಮಗು ಮಾತ್ರ ಆಗುವುದಿಲ್ಲ. ಅನೋವಾಳಿಗೆ ಚಿಕ್ಕಂದಿನ ಒಂದು ಕನಸಿನ ನೆನಪಿದೆ. ಕರಾವಳಿಯ ದೊಡ್ಡ ಕೋಟೆಗಳ ಬಗ್ಗೆ, ಸಮುದ್ರದಾಚೆಯಿಂದ ಬಂದ ಬಿಳಿಯರು ಹಡಗಿನಲ್ಲಿ ಒಯ್ದ ಜನರ ಬಗ್ಗೆ ಅಜ್ಜಿಯನ್ನು ಕೇಳಿದ್ದಳು. ಅದನ್ನೆಲ್ಲ ಕೇಳಬಾರದು ಅಂತ ಅಜ್ಜಿ ಬಾಯಿ ಮುಚ್ಚಿಸಿದ್ದಳು. ಆ ರಾತ್ರಿ ಕನಸಿನಲ್ಲಿ ಅವಳು ದೊಡ್ಡ ದೊಡ್ಡ ಹೆಂಗಸಾಗಿದ್ದಾಳೆ. ಅವಳ ಒಳಗಿಂದ ಗಂಡಸರು, ಹೆಂಗಸರು, ಮಕ್ಕಳು ಸುರಿಯುತ್ತಿದ್ದಾರೆ. ಕುದಿಯುವ ಸಮುದ್ರದಿಂದ ದೈತ್ಯಾಕಾರದ ಸಿಗಡಿಗಳು ಎದ್ದು ಬಂದು ಅವರನ್ನು ಹಿಡಿದು ಚೂರುಚೂರು ಮಾಡುತ್ತಿವೆ. ಇಷ್ಟು ಜನರನ್ನು ಕಳೆದುಕೊಂಡ ತಾಯಿಯ ಕನಸನ್ನು ಕಂಡವಳಿಗೆ ಎಚ್ಚರದಲ್ಲಿ ಒಂದು ಮಗುವೂ ಇಲ್ಲ. ಮನೆ ತುಂಬ ಬೇರೆ ತಾಯಂದಿರ ಮಕ್ಕಳು. ಬ್ರಿಟಿಷರು ಅಲ್ಲಿ ಗುಲಾಮಗಿರಿಯನ್ನು ಕಾನೂನಿನಿಂದ ತೆಗೆದದ್ದು 1874ರಲ್ಲಿ. ನಾಟಕದ ಕಾಲವೂ ಸರಿಸುಮಾರು ಅದೇ. ಗುಲಾಮರ ವ್ಯಾಪಾರದ ಪಾಪವನ್ನೆಲ್ಲ ಬಿಳಿಯರ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲು ಐಡೂ ಬಿಡುವುದಿಲ್ಲ. ಕೊಂಡವರಲ್ಲಿ ನಮ್ಮವರೂ ಇದ್ದರು ಅನ್ನುತ್ತಾರೆ. ಸ್ವಾತಂತ್ರ್ಯ ಬಂದು ಹದಿಮೂರು ವರ್ಷ ಆದಾಗ ಹೀಗೆ ಬರೆಯುವುದು ಸುಲಭವಾಗಿರಲಿಲ್ಲ.

ಈಗ ಆ ಕೊನೆಯ ದೃಶ್ಯ. ಕೋಫಿ ಆಕೊ ಅವಳನ್ನು ಊರಿಗೆ ಹೊರಟುಹೋಗು ಅನ್ನುತ್ತಾನೆ. ಯಾಕೆ ಅಂತ ಕೇಳುತ್ತಾಳೆ. ಕಾರಣ ಹೇಳುವುದಿಲ್ಲ. ಬೇರೆ ಹೆಂಡತಿಯನ್ನು ತಂದುಕೋ ಅಂತ ಹಿಂದೆ ಅವಳೇ ಹೇಳಿದ್ದಳು, ಅವನು ತಂದುಕೊಳ್ಳಲಿಲ್ಲ. ದುಡ್ಡಿದೆ, ಅಧಿಕಾರವಿದೆ, ಊರೆಲ್ಲ ಹೆಣ್ಣು ಕೊಡಲು ಸಿದ್ಧ. ಮತ್ತೆ ಯಾಕೆ ತರಲಿಲ್ಲ? ಯೋಚಿಸುತ್ತಾ, ಮಾತಾಡುತ್ತಾ, ಅವಳಿಗೆ ಎಲ್ಲ ಹೊಳೆಯುತ್ತದೆ. ಅವಳು ಅದನ್ನು ಗುಟ್ಟಾಗಿ ಕೇಳುವುದಿಲ್ಲ. ಆಳುಕಾಳುಗಳು ಕೇಳಿಸಿಕೊಳ್ಳುವಂತೆ, ಆ ದೊಡ್ಡ ಹಜಾರದ ನಡುವೆ ನಿಂತು ಕೇಳುತ್ತಾಳೆ: ಆಳುಗಳನ್ನೂ ಆಸ್ತಿಯನ್ನೂ ಗಳಿಸುವುದರಲ್ಲಿ ನಿನ್ನ ಗಂಡಸುತನ ಮುಗಿದುಹೋಯಿತಾ? ಅವನು ಒಳಗೆ ಹೋಗುತ್ತಾನೆ. ಗುಂಡಿನ ಸದ್ದು. ಅನೋವಾ ನೀರಿಗೆ ಬಿದ್ದು ಸಾಯುತ್ತಾಳೆ.

ನಾಟಕ ಅನ್ನುವ ಪ್ರಕಾರ ಇಲ್ಲಿ ಕಾದಂಬರಿ ಮಾಡಲಾಗದ್ದನ್ನು ಮಾಡುತ್ತದೆ. ಕಾದಂಬರಿಯಲ್ಲಿ ಇಂಥ ಪ್ರಶ್ನೆಯನ್ನು ನಾವು ಒಬ್ಬರೇ ಕೂತು ಓದುತ್ತೇವೆ. ರಂಗಮಂದಿರದಲ್ಲಿ ಪಕ್ಕದಲ್ಲಿ ಗಂಡ ಕೂತಿರುತ್ತಾನೆ, ಹಿಂದಿನ ಸಾಲಿನಲ್ಲಿ ಮಾವ ಇರುತ್ತಾರೆ. ಯಾವ ಮಾತನ್ನು ನಾಲ್ಕು ಗೋಡೆ ದಾಟಿಸಬಾರದು ಅಂತ ಇಡೀ ಸಮಾಜ ಒಪ್ಪಂದ ಮಾಡಿಕೊಂಡಿದೆಯೋ, ಅದೇ ಮಾತು ನಾಲ್ಕು ಜನರ ನಡುವೆ ಗಟ್ಟಿಯಾಗಿ ಬೀಳುತ್ತದೆ. ಕೇಳಿಸಿಲ್ಲ ಅಂತ ಯಾರೂ ನಟಿಸುವಂತಿಲ್ಲ. ಊರಿನ ಬಾಯಿಯನ್ನೂ ಐಡೂ ರಂಗದ ಮೇಲೆ ತಂದು ನಿಲ್ಲಿಸಿದ್ದಾರೆ. ಒಬ್ಬ ಮುದುಕ, ಒಬ್ಬ ಮುದುಕಿ, ಇಬ್ಬರಿಗೂ ಸೇರಿ ಒಂದೇ ಹೆಸರು: ಉಪ್ಪು ಖಾರ ತಿನ್ನುವ ಬಾಯಿ. ಮುದುಕಿ ಕೊನೆಯವರೆಗೂ ಅನೋವಾಳನ್ನೇ ಬಯ್ಯುತ್ತಾಳೆ. ಮುದುಕನಿಗೆ ಮಾತ್ರ, ಅವಳು ತನಗೆ ತಾನು ನಿಜವಾಗಿದ್ದಳು ಅನ್ನಿಸುತ್ತದೆ. ಹೆಂಗಸು ಬಯ್ದು ಗಂಡಸು ಮರುಗುವುದು ನಾವು ನಿರೀಕ್ಷಿಸುವ ಕ್ರಮವಲ್ಲ, ಅಲ್ವಾ? ಆದರೆ ಸೊಸೆಯರ ಹೊಟ್ಟೆಯ ಮೇಲೆ ಕಣ್ಣಿಟ್ಟು ಕಾಯುವ ಕೆಲಸವನ್ನು ಈ ಲೋಕ ಹೆಂಗಸರಿಗೇ ವಹಿಸಿದೆ. ಐಡೂಗೆ ಅದು ಚೆನ್ನಾಗಿ ಗೊತ್ತು.

ಇನ್ನೊಂದು ಮಾತನ್ನೂ ಇಲ್ಲಿ ಹೇಳಲೇಬೇಕು. ನಿಜ ಹೊಳೆದಾಗ ಸಿಟ್ಟಿನಲ್ಲಿ ಅನೋವಾ, ನನ್ನ ಗಂಡ ಈಗ ಹೆಂಗಸು ಅನ್ನುತ್ತಾಳೆ. ಒಣಮರ ಅನ್ನುತ್ತಾಳೆ. ಒಣಮರದ ಮೇಲಾದರೂ ಅಣಬೆ ಏಳುತ್ತದೆ, ನಿನ್ನಲ್ಲಿ ಅದೂ ಇಲ್ಲ ಅನ್ನುತ್ತಾಳೆ. ಎಲ್ಲ ಕಟ್ಟುಪಾಡು ಮುರಿದು ಬಂದ ಹೆಣ್ಣಿನ ಬಾಯಲ್ಲೂ ಗಂಡಸನ್ನು ಹೀನಾಯ ಮಾಡಲು ಸಿಕ್ಕ ಮಾತು ‘ಹೆಂಗಸು’. ಇದು ಬರೆದವರ ಕಣ್ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಕೋಫಿ ಆಕೊನನ್ನು ಕೊಂದ ಲೋಕವೇ ಅನೋವಾಳ ನಾಲಿಗೆಯ ಮೇಲೂ ಕೂತಿದೆ. ಮಗು ಹುಟ್ಟಿಸಲಾಗದವನು ಗಂಡಸಲ್ಲ ಅಂತ ಅವನು ನಂಬಿದ್ದ, ಅವಳೂ ನಂಬಿದ್ದಾಳೆ. ಹಾಗಾಗಿ ಗೆದ್ದವರು ಯಾರೂ ಇಲ್ಲ.

ಘಾನಾದ ಆಕಾನ್ ಜನರದ್ದು ಅಳಿಯಕಟ್ಟಿನಂಥ ಪದ್ಧತಿ. ಮಕ್ಕಳು ತಾಯಿಯ ಕುಲಕ್ಕೆ ಸೇರುತ್ತಾರೆ. ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಕಡೆ ಹೆಣ್ಣಿಗೆ ಸ್ವಲ್ಪ ಉಸಿರಾಡಲು ಜಾಗ ಸಿಗಬೇಕಿತ್ತು ಅಂತ ನಾವು ಅಂದುಕೊಳ್ಳಬಹುದು. ಸಿಗುವುದಿಲ್ಲ. ಗಂಡನ ಮನೆಗೆ ವಂಶ ಬೇಕೆಂಬ ಒತ್ತಡದ ಜಾಗದಲ್ಲಿ ತಾಯಿಯ ಕುಲ ಬೆಳೆಯಬೇಕೆಂಬ ಒತ್ತಡ ಬರುತ್ತದೆ. ಮಗಳು ಪೂಜಾರಿಣಿಯಾಗುವುದು ಬೇಡ, ಮದುವೆಯಾಗಿ ಮಕ್ಕಳನ್ನು ಹೆರಲಿ ಅಂತ ಬದುವಾ ಹಟ ಹಿಡಿಯುವುದರ ಹಿಂದೆ ಈ ಲೆಕ್ಕ ಇದೆ. ನೈಜೀರಿಯಾದ ಇಗ್ಬೋ, ಯೊರುಬಾ ಜನರಲ್ಲಿ ವಂಶ ತಂದೆಯದು. ಎರಡು ಕಡೆ ನಿಯಮ ಉಲ್ಟಾ, ಹೊರೆ ಹೊರುವವಳು ಒಬ್ಬಳೇ.

ಇಗ್ಬೋ ಕಡೆಯಿಂದ ಬಂದ ಫ್ಲೋರಾ ನ್ವಾಪಾ 1966ರಲ್ಲಿ ‘ಎಫುರು’ ಕಾದಂಬರಿ ಬರೆದರು. ಎಫುರು ಚೆಲುವೆ, ಒಳ್ಳೆಯ ವ್ಯಾಪಾರಗಾರ್ತಿ. ಅವಳ ಒಬ್ಬಳೇ ಮಗಳು ಸತ್ತುಹೋಗುತ್ತಾಳೆ. ಅವಳು ಪೂಜಿಸುವ ಸರೋವರದ ದೇವತೆ ಉಹಾಮಿರಿಗೆ ಸಿರಿಯಿದೆ, ಸೌಂದರ್ಯವಿದೆ, ಮಕ್ಕಳಿಲ್ಲ. ಹಾಗಿದ್ದೂ ಹೆಂಗಸರು ಅವಳನ್ನೇ ಯಾಕೆ ಪೂಜಿಸುತ್ತಾರೆ ಅನ್ನುವ ಪ್ರಶ್ನೆಯಲ್ಲಿ ಕಾದಂಬರಿ ಮುಗಿಯುತ್ತದೆ. ಬುಚಿ ಎಮೆಚೆಟಾ ಆ ಕೊನೆಯ ಸಾಲುಗಳಿಂದಲೇ ತನ್ನ 1979ರ ಕಾದಂಬರಿಗೆ ಹೆಸರು ತೆಗೆದುಕೊಂಡರು: ‘ದಿ ಜಾಯ್ಸ್ ಆಫ್ ಮದರ್‌ಹುಡ್’. ಅದರ ನಾಯಕಿ ನ್ನು ಎಗೊಗೆ ಮೊದಲ ಗಂಡನ ಮನೆಯಲ್ಲಿ ಮಗುವಾಗುವುದಿಲ್ಲ. ಅವನು ಅವಳನ್ನು ಹೊಲದ ಕೆಲಸಕ್ಕೆ ಹಚ್ಚಿ ಇನ್ನೊಬ್ಬಳನ್ನು ತರುತ್ತಾನೆ. ಆ ಸವತಿಯ ಕೂಸಿಗೆ ಇವಳು ಕದ್ದು ಮೊಲೆಯೂಡುವ ದೃಶ್ಯ ಓದುವಾಗ ಪುಸ್ತಕ ಕೆಳಗಿಡಬೇಕಾಗುತ್ತದೆ. ಮುಂದೆ ಲಾಗೋಸ್‌ನಲ್ಲಿ ಎರಡನೇ ಗಂಡನಿಂದ ಅವಳಿಗೆ ಮಕ್ಕಳು ಸಾಲುಸಾಲಾಗಿ ಹುಟ್ಟುತ್ತಾರೆ. ಕೊನೆಗೆ ಯಾರೂ ಜೊತೆಗಿಲ್ಲದೆ ರಸ್ತೆ ಬದಿಯಲ್ಲಿ ಸಾಯುತ್ತಾಳೆ. ಸತ್ತ ಮೇಲೆ ಮಕ್ಕಳು ಅವಳಿಗೆ ಗುಡಿ ಕಟ್ಟಿಸುತ್ತಾರೆ. ಸಂತಾನ ಬೇಡಿ ಬಂದವರಿಗೆ ಅವಳು ಮಕ್ಕಳನ್ನು ಕೊಡುವುದಿಲ್ಲ. ಜೀವವಿಡೀ ಬಾಯಿ ಬಿಡದ ಹೆಣ್ಣು ಸತ್ತ ಮೇಲೆ ‘ಇಲ್ಲ’ ಅನ್ನಲು ಕಲಿತಳು.

‘ಅನೋವಾ’ದಿಂದ ನಲವತ್ತು ವರ್ಷ ದಾಟಿ ಬರೋಣ. 2010ರಲ್ಲಿ ಲೋಲಾ ಶೋನೆಯಿನ್ ಅವರ ‘ದಿ ಸೀಕ್ರೆಟ್ ಲೈವ್ಸ್ ಆಫ್ ಬಾಬಾ ಸೆಗೀಸ್ ವೈವ್ಸ್’ ಬಂತು. ಇಬಾದಾನ್ ನಗರ. ಬಾಬಾ ಸೆಗಿಗೆ ನಾಲ್ವರು ಹೆಂಡಿರು, ಏಳು ಮಕ್ಕಳು. ನಾಲ್ಕನೆಯವಳು ಬೊಲಾನ್ಲೆ ಪದವಿ ಓದಿದವಳು, ಅವಳಿಗೆ ಮಾತ್ರ ಮಕ್ಕಳಿಲ್ಲ. ಬಾಬಾ ಸೆಗಿ ಅವಳನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾನೆ. ನನಗೆ ಏಳು ಮಕ್ಕಳಿದ್ದಾರೆ, ತೊಂದರೆ ಇವಳದ್ದೇ ಅಂತ ಅವನಿಗೆ ಸ್ವಲ್ಪವೂ ಅನುಮಾನವಿಲ್ಲ. ವೈದ್ಯರು ಇಬ್ಬರನ್ನೂ ಪರೀಕ್ಷೆ ಮಾಡುತ್ತಾರೆ. ಅವನ ವೀರ್ಯದಲ್ಲಿ ಜೀವಾಣುಗಳೇ ಇಲ್ಲ. ಚಿಕ್ಕವನಿದ್ದಾಗ ಬಂದ ಮಂಗನಬಾವು ಕಾರಣ. ಹಾಗಾದರೆ ಆ ಏಳು ಮಕ್ಕಳು?

ಮೊದಲ ಹೆಂಡತಿ ಇಯಾ ಸೆಗಿ ಹೊಸದಾಗಿ ಮದುವೆಯಾಗಿ ಬಂದಾಗಲೇ, ತಡವಾದರೆ ತನ್ನ ಗತಿ ಏನಾಗುತ್ತದೆ ಅಂತ ತಿಳಿದುಕೊಂಡಿದ್ದಳು. ಡ್ರೈವರ್‌ನಿಂದ ಗರ್ಭ ಧರಿಸಿದ್ದಳು. ಉಳಿದ ಇಬ್ಬರೂ ಬೇರೆ ಬೇರೆ ಗಂಡಸರಿಂದ ಅದನ್ನೇ ಮಾಡಿದ್ದರು. ಅನೋವಾ ಗಂಡನನ್ನು ಕೇಳಿದ ಪ್ರಶ್ನೆಯನ್ನು ಇಯಾ ಸೆಗಿ ಕೇಳಲೇ ಇಲ್ಲ. ಉತ್ತರವನ್ನು ತಾನೇ ಹುಡುಕಿಕೊಂಡಳು. ಗಂಡನ ಮಾನ ಉಳಿಯಿತು, ತನ್ನ ಜಾಗ ಉಳಿಯಿತು, ಮನೆ ತುಂಬಿತು. ಬೆಲೆ ತೆತ್ತಿದ್ದು ಮಾತ್ರ ಅವಳ ಮಗಳು. ಬೊಲಾನ್ಲೆಗೆಂದು ಇಟ್ಟ ವಿಷದ ಊಟ ತಿಂದು ಹಿರಿಯ ಮಗಳು ಸೆಗಿ ಸಾಯುತ್ತಾಳೆ. ಗುಟ್ಟು ಕಾಪಾಡಲು ಹೊರಟ ತಾಯಿ ಹೆತ್ತ ಮಗಳನ್ನೇ ಕಳೆದುಕೊಂಡಳು.

ಈ ಕಾದಂಬರಿಯನ್ನು ರೊಟಿಮಿ ಬಾಬಾತುಂಡೆ ನಾಟಕವಾಗಿಸಿದರು. 2018ರಲ್ಲಿ ಲಂಡನ್‌ನ ಆರ್ಕೋಲಾ ರಂಗಮಂದಿರದಲ್ಲಿ ಅದು ಪ್ರದರ್ಶನಗೊಂಡಿತು. ಓದುವಾಗ ನಗು ಬರುವ ಜಾಗಗಳು ಬಹಳ ಇವೆ. ಗಾಬರಿಯಾದಾಗೆಲ್ಲ ವಾಂತಿ ಮಾಡುವ, ಗಂಟಲು ದೊಡ್ಡದಿರುವ ಈ ಗಂಡಸನ್ನು ಶೋನೆಯಿನ್ ದ್ವೇಷದಿಂದ ಬರೆದಿಲ್ಲ. ನಿಜ ತಿಳಿದಾಗ ಅವನು ಕುಸಿದುಬೀಳುತ್ತಾನೆ, ಆದರೆ ಕೋಫಿ ಆಕೊನ ಹಾಗೆ ಬಂದೂಕು ಹಿಡಿಯುವುದಿಲ್ಲ. ಮಕ್ಕಳನ್ನು ಮನೆಯಿಂದ ಅಟ್ಟುವುದೂ ಇಲ್ಲ. ಅವರಿಗೆ ಅವನೇ ಅಪ್ಪ. ಬೊಲಾನ್ಲೆ ಮಾತ್ರ ಆ ಮನೆ ಬಿಟ್ಟು ಹೊರಡುತ್ತಾಳೆ. ಅನೋವಾ ಹೊರಟಾಗ ಅವಳಿಗೆ ನೀರು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಬೊಲಾನ್ಲೆಯ ಕೈಯಲ್ಲಿ ಪದವಿಯಿದೆ, ಮುಂದೆ ಬದುಕಿದೆ. ನಲವತ್ತು ವರ್ಷಗಳಲ್ಲಿ ಇಷ್ಟಾದರೂ ಆಗಿದೆ. ಇದನ್ನು ಸಣ್ಣದು ಅನ್ನಲು ನನಗೆ ಮನಸ್ಸಿಲ್ಲ.

ಆಯೊಬಾಮಿ ಅಡೆಬಾಯೊ ಅವರ ‘ಸ್ಟೇ ವಿತ್ ಮಿ’ (2017) ಇದೇ ಸಾಲಿನಲ್ಲಿ ಈಚೆಗೆ ನಾನು ಓದಿದ್ದು. ಇಲೆಶಾ ಊರು, 1980ರ ದಶಕ. ಯೆಜಿಡೆಗೆ ಮಗುವಾಗಲಿಲ್ಲ ಅಂತ ಅತ್ತೆ ಮನೆಯವರು ಮಗ ಆಕಿನ್‌ಗೆ ಎರಡನೇ ಹೆಂಡತಿ ತರುತ್ತಾರೆ. ಯೆಜಿಡೆ ಪವಾಡದ ಬೆಟ್ಟವೊಂದಕ್ಕೆ ಮೇಕೆಯನ್ನು ಎಳೆದುಕೊಂಡು ಹತ್ತುತ್ತಾಳೆ. ಅಲ್ಲಿನ ಪ್ರವಾದಿ ಹೇಳಿದ ಹಾಗೆ ಕೇಳುತ್ತಾಳೆ, ಮೇಕೆಗೆ ಮೊಲೆಯೂಡುತ್ತಾಳೆ. ಆಮೇಲೆ ಬಸಿರಾಗಿದ್ದೇನೆ ಅಂತ ತಿಂಗಳುಗಟ್ಟಲೆ ನಂಬುತ್ತಾಳೆ. ಹೊಟ್ಟೆಯೂ ಬೆಳೆಯುತ್ತದೆ. ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ. ಇದೆಲ್ಲ ನಡೆಯುವಾಗ ಆಕಿನ್‌ಗೆ ಒಂದು ವಿಷಯ ಗೊತ್ತು: ಅವನಿಂದ ಸಂಭೋಗ ಸಾಧ್ಯವಿಲ್ಲ. ಕೊನೆಗೆ ಅವನು ತಮ್ಮ ದೋತುನ್‌ನನ್ನು ಹೆಂಡತಿಯ ಬಳಿಗೆ ಹೋಗುವಂತೆ ತಾನೇ ಒಪ್ಪಿಸುತ್ತಾನೆ. ಅವಳಿಗೆ ಇದು ಯಾವುದೂ ಗೊತ್ತಿಲ್ಲ. ‘ಸಾಂಗ್ ಆಫ್ ಎ ಗೋಟ್’ನಲ್ಲಿ ಹಿರಿಯರು ಕೂತು ಬಾಯಿಬಿಟ್ಟು ಒಪ್ಪಬೇಕಿದ್ದ ದಾರಿಯನ್ನು ಇಲ್ಲಿ ಅಣ್ಣ ತಮ್ಮ ಇಬ್ಬರೇ ಗುಟ್ಟಾಗಿ ತೀರ್ಮಾನಿಸುತ್ತಾರೆ. ಆಧುನಿಕ ಮನೆ, ಬ್ಯಾಂಕ್ ಕೆಲಸ, ಓದಿದ ಗಂಡ ಹೆಂಡತಿ. ಹಳೇ ಪದ್ಧತಿಯಲ್ಲಿ ಹೆಂಡತಿಗೆ ಕನಿಷ್ಠ ವಿಷಯ ಗೊತ್ತಿರುತ್ತಿತ್ತು.

ಕಾಲೇಜು ಮೆಟ್ಟಿಲು ಹತ್ತಿದ ಯೆಜಿಡೆಗೆ ಗಂಡನ ಸ್ಥಿತಿ ತಿಳಿಯಲೇ ಇಲ್ಲವಾ ಅಂತ ಓದುವವರಿಗೆ ಅನ್ನಿಸುತ್ತದೆ. ನನಗೂ ಕಾದಂಬರಿಯ ಸಡಿಲ ಜಾಗ ಅದೇ ಅನ್ನಿಸಿತು. ಆದರೆ ತಾಯಿಯಿಲ್ಲದೆ ಬೆಳೆದವಳು, ಕೇಳಲು ಒಬ್ಬ ಹೆಂಗಸೂ ಹತ್ತಿರ ಇಲ್ಲದವಳು, ಗಂಡ ಹೇಳಿದ್ದನ್ನು ನಂಬುವುದಕ್ಕೂ ಒಂದು ಹಸಿವು ಇರುತ್ತದೆ. ನಂಬದಿದ್ದರೆ ಆ ಮದುವೆಯಲ್ಲಿ ಅವಳಿಗೆ ಉಳಿಯುವುದಾದರೂ ಏನು?

ಅಡೆಬಾಯೊ ಮಾಡಿದ ಹೊಸ ಕೆಲಸ ಬೇರೆಯೇ ಇದೆ. ಇಲ್ಲಿ ಆಕಿನ್ ತಾನೇ ಕತೆ ಹೇಳುತ್ತಾನೆ. ಒಂದು ಅಧ್ಯಾಯ ಅವಳದು, ಇನ್ನೊಂದು ಅವನದು. ಝೀಫಾ ಕೂಗಾಡಿದ, ಕೋಫಿ ಆಕೊ ಬಾಯಿ ಬಿಡಲಿಲ್ಲ, ಬಾಬಾ ಸೆಗಿಗೆ ತನ್ನ ವಿಷಯ ತನಗೇ ಗೊತ್ತಿರಲಿಲ್ಲ. ಆಕಿನ್‌ಗೆ ಗೊತ್ತಿದೆ, ಮಾತೂ ಬರುತ್ತದೆ. ಆದರೂ ತನ್ನದೇ ಅಧ್ಯಾಯಗಳಲ್ಲಿ, ಓದುಗರ ಹತ್ತಿರವೂ, ಆ ಒಂದು ವಿಷಯವನ್ನು ಬಹಳ ದೂರದವರೆಗೆ ಮುಚ್ಚಿಟ್ಟುಕೊಂಡೇ ಹೋಗುತ್ತಾನೆ. ಅವನ ನಾಚಿಕೆ ಎಷ್ಟು ಆಳದ್ದು ಅಂತ ನನಗೆ ತಿಳಿದದ್ದು ಹೀಗೆ. ಅವನು ಕೆಟ್ಟವನಲ್ಲ. ಹೆಂಡತಿಯನ್ನು ನಿಜವಾಗಿ ಪ್ರೀತಿಸುತ್ತಾನೆ. ಆದರೆ ಅವಳು ಮೇಕೆ ಎಳೆದುಕೊಂಡು ಬೆಟ್ಟ ಹತ್ತುವಾಗ ಅವನು ಸುಮ್ಮನಿದ್ದ.

ಹುಟ್ಟಿದ ಮೂರು ಮಕ್ಕಳಲ್ಲಿ ಇಬ್ಬರು ತೀರಿಕೊಳ್ಳುತ್ತಾರೆ. ಮೂರನೆಯವಳು ರೊಟಿಮಿ, ಅವಳಿಗೂ ಸಿಕಲ್ ಸೆಲ್ ರಕ್ತದ ಕಾಯಿಲೆ. ಅವಳೂ ಉಳಿಯಲಿಲ್ಲ ಅಂತ ನಂಬಿ ಯೆಜಿಡೆ ಎಲ್ಲ ಬಿಟ್ಟು ಹೊರಟುಹೋಗುತ್ತಾಳೆ. ಆದರೆ ಹುಡುಗಿ ಬದುಕುತ್ತಾಳೆ. ತನ್ನ ರಕ್ತವಲ್ಲದ, ಮತ್ತೆ ಮತ್ತೆ ಕಾಯಿಲೆ ಬೀಳುವ ಆ ಮಗುವನ್ನು ಆಕಿನ್ ವರ್ಷಗಟ್ಟಲೆ ಒಬ್ಬನೇ ಸಾಕುತ್ತಾನೆ. ಅಷ್ಟು ಸಾಕು, ಅವನನ್ನು ಕ್ಷಮಿಸಬಹುದು ಅನ್ನುವವರ ಜೊತೆ ನಾನು ವಾದ ಮಾಡಿದ್ದೇನೆ. ಅವನು ಒಳ್ಳೆಯ ತಂದೆ, ಅದನ್ನು ನಾನು ಒಪ್ಪುತ್ತೇನೆ. ತಂದೆಯಾಗಲು ದೇಹ ಬೇಕಿಲ್ಲ ಅಂತ ಅವನೇ ಬದುಕಿ ತೋರಿಸಿದ್ದಾನೆ. ಮದುವೆಯ ಮೊದಲ ವರ್ಷವೇ ಅಷ್ಟನ್ನು ನಂಬಿ ಯೆಜಿಡೆಗೆ ಒಂದು ಮಾತು ಹೇಳಿದ್ದರೆ ಅವಳು ಆ ಬೆಟ್ಟ ಹತ್ತುತ್ತಿರಲಿಲ್ಲ. ಅದಕ್ಕೇ ನನ್ನಿಂದ ಇನ್ನೂ ಕ್ಷಮಿಸಲು ಆಗಿಲ್ಲ.